ಬೋಟು ಒಂದು ಕಡೆಗೆ ವಾಲುತ್ತಿದೆಯಾ? ಇಂಜಿನ್‌ಗೆ ಕೈ ಹಾಕುವ ಮೊದಲು ಇದನ್ನು ನೋಡಿ

ನನ್ನದು 18 ಅಡಿಯ ಫೈಬರ್ ಬೋಟು. ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯ ಆಸುಪಾಸಿನಲ್ಲೇ ಇದರ ಓಡಾಟ. ಒಂದು ವರ್ಷ ಮಳೆಗಾಲ ಮುಗಿಸಿ ನೀರಿಗೆ ಇಳಿಸಿದರೆ ಎಡಕ್ಕೆ ವಾಲುತ್ತಿತ್ತು. ಒಬ್ಬ ಮೆಕ್ಯಾನಿಕ್ ಪ್ರೊಪೆಲ್ಲರ್ ಬದಲಿಸಿ ಅಂದ, ಬದಲಿಸಿದೆ. ಇನ್ನೊಬ್ಬ ಇಂಜಿನ್ ಕೂರಿಸಿದ್ದೇ ಸರಿಯಿಲ್ಲ ಅಂದ, ಅದನ್ನೂ ಬಿಚ್ಚಿ ಕೂರಿಸಿದೆವು. ದುಡ್ಡು ಹೋಯಿತು, ಬೋಟು ಮಾತ್ರ ಹಾಗೇ ಎಡಕ್ಕೆ ವಾಲಿಕೊಂಡು ನಿಂತಿತ್ತು.

ತಪ್ಪು ನನ್ನದೇ. ಯಾವಾಗ ವಾಲುತ್ತದೆ ಅಂತ ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ನಿಂತಾಗಲೂ ವಾಲುತ್ತದಾ, ಓಡುವಾಗ ಮಾತ್ರವಾ? ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇಂಜಿನ್ ಆಫ್ ಇದ್ದಾಗಲೂ ವಾಲುವ ಬೋಟಿಗೆ ಪ್ರೊಪೆಲ್ಲರ್ ಏನು ಮಾಡೀತು, ಹೇಳಿ!

ಹಾಗಾಗಿ ಮೊದಲು ಅಳತೆ. ಬೆಳಿಗ್ಗೆ ಬೇಗ, ಗಾಳಿ ಏಳುವ ಮುಂಚೆ ಹೋಗಿ. ಬೋಟಿನಿಂದ ಎಲ್ಲರೂ ಇಳಿಯಲಿ. ಕಟ್ಟಿದ ಹಗ್ಗ ಸಡಿಲ ಬಿಡಿ, ಯಾಕೆಂದರೆ ಭರತ ಇಳಿಯುವಾಗ ಹಗ್ಗ ಬಿಗಿಯಾದರೂ ಬೋಟು ಒಂದು ಕಡೆ ಎಳೆದುಕೊಂಡು ನಿಲ್ಲುತ್ತದೆ, ಅದನ್ನೇ ದೋಷ ಅಂದುಕೊಂಡವರಿದ್ದಾರೆ. ಆಮೇಲೆ ಬೋಟಿನ ಮಧ್ಯಭಾಗದಲ್ಲಿ, ಎರಡೂ ಬದಿಯ ಅಂಚಿನಿಂದ ನೀರಿನ ತನಕ ಟೇಪ್ ಹಿಡಿದು ಅಳೆಯಿರಿ. ದಡದಿಂದಲೋ ಪಕ್ಕದ ದೋಣಿಯಿಂದಲೋ ಅಳೆಯಬೇಕು, ಒಳಗೆ ಹತ್ತಿ ಬಗ್ಗಿದರೆ ನಿಮ್ಮ ಭಾರಕ್ಕೇ ಅದು ವಾಲುತ್ತದೆ. ಆರು ಅಡಿ ಅಗಲದ ಬೋಟಿನಲ್ಲಿ ಎರಡು ಬದಿಗೆ 6 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಹತ್ತಿರ ಹತ್ತಿರ 2 ಡಿಗ್ರಿ ವಾಲಿದೆ ಅಂತ ಲೆಕ್ಕ. ಅಷ್ಟು ವಾಲಿದರೆ ಕಣ್ಣಿಗೇ ಗೊತ್ತಾಗುತ್ತದೆ. ಅರ್ಧ ಸೆಂಟಿಮೀಟರ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಖಾಲಿ ಬೋಟು ನೆಟ್ಟಗೆ ನಿಂತಿದ್ದರೆ ಕೆಳಗಿನ ಓಡುವಾಗಿನ ಮಾತಿಗೆ ಹೋಗಿ. ಇಲ್ಲದಿದ್ದರೆ ಸಾಮಾನುಗಳಿಂದ ಶುರು ಮಾಡಿ. ಬ್ಯಾಟರಿ ಒಂದೇ ಸುಲಭವಾಗಿ 25 ಕಿಲೋ ಇರುತ್ತದೆ. 25 ಲೀಟರ್ ಪೆಟ್ರೋಲ್ ಅಂದರೆ ಸುಮಾರು 18 ಕಿಲೋ, ಟ್ಯಾಂಕಿನ ತೂಕ ಬೇರೆ. ಲಂಗರು, ಅದರ ಸರಪಳಿ, ಐಸ್ ಪೆಟ್ಟಿಗೆ, ಒದ್ದೆ ಹಗ್ಗ. ಇವೆಲ್ಲ ಕೈಗೆ ಸಿಗುವ ಕಡೆ ಇಡುತ್ತಾ ಇಡುತ್ತಾ ಒಂದೇ ಬದಿಗೆ ಸೇರಿಬಿಡುತ್ತವೆ. ತೂಕ ಎಷ್ಟು ಅನ್ನುವುದರ ಜೊತೆಗೆ ನಡುಗೆರೆಯಿಂದ ಎಷ್ಟು ದೂರ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅಂಚಿಗೆ ಇಟ್ಟ 25 ಕಿಲೋ ನಡುವಿಗೆ ಹತ್ತಿರ ಕೂತ 70 ಕಿಲೋ ಮನುಷ್ಯನಷ್ಟೇ ಕೆಲಸ ಮಾಡಬಹುದು. ಎಲ್ಲವನ್ನೂ ದಡಕ್ಕೆ ಇಳಿಸಿ ಮತ್ತೆ ಅಳೆಯಿರಿ. ನೆಟ್ಟಗಾಯಿತಾ? ಹಾಗಾದರೆ ಕಾಯಿಲೆ ಸಾಮಾನಿನದು. ಬ್ಯಾಟರಿಯ ಜಾಗ ಬದಲಿಸಿ, ಮುಗಿಯಿತು.

ಇಳಿಸಿದ ಮೇಲೂ ವಾಲಿಯೇ ನಿಂತಿದ್ದರೆ ನೂರಕ್ಕೆ ತೊಂಬತ್ತು ಸಲ ನೀರು ಅಂತಲೇ ನನ್ನ ಅನುಮಾನ. ನೀರಿನಲ್ಲಿ ಎರಡು ಥರ. ತಳದಲ್ಲಿ ಸಡಿಲವಾಗಿ ಓಡಾಡುವ ನೀರು ಒಂದು, ಎಲ್ಲೋ ಸಿಕ್ಕಿಹಾಕಿಕೊಂಡು ಕೂತ ನೀರು ಇನ್ನೊಂದು. ಪತ್ತೆ ಸುಲಭ. ಬೋಟನ್ನು ಕೈಯಲ್ಲಿ ಒತ್ತಿ ಇನ್ನೊಂದು ಬದಿಗೆ ವಾಲಿಸಿ ಬಿಡಿ. ಆ ಬದಿಗೇ ವಾಲಿಕೊಂಡು ನಿಂತಿತು ಅಂದರೆ ನೀರು ಒಳಗೆ ಹರಿದಾಡುತ್ತಿದೆ, ವಾಲಿದ ಕಡೆಗೆ ತಾನೂ ಓಡಿ ಇನ್ನಷ್ಟು ವಾಲಿಸುತ್ತಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅಲೆಯಲ್ಲಿ ಮಗುಚುವುದು ಇಂಥ ಬೋಟೇ. ಪಂಪ್ ಹಾಕಿ ಖಾಲಿ ಮಾಡಿ, ಡ್ರೇನ್ ಪ್ಲಗ್ (ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ) ಮತ್ತು ಅದರ ವಾಷರ್ ನೋಡಿ. ಎಷ್ಟು ಒತ್ತಿದರೂ ಮತ್ತೆ ಹಳೇ ಬದಿಗೇ ವಾಪಸ್ ಬರುತ್ತದೆ ಅಂದರೆ ಭಾರ ಒಂದೇ ಕಡೆ ಗಟ್ಟಿಯಾಗಿ ಕೂತಿದೆ.

ನನ್ನದು ಎರಡನೆಯ ಥರ. ಎಷ್ಟು ಭಾರ ಅಂತ ಕಂಡುಹಿಡಿಯಲು 20 ಲೀಟರಿನ ನೀರಿನ ಕ್ಯಾನ್ ಸಾಕು. ತುಂಬಿದ ಒಂದು ಕ್ಯಾನ್ ಅಂದರೆ 20 ಕಿಲೋ. ಬೋಟು ನೆಟ್ಟಗಾಗುವವರೆಗೆ ಎದುರು ಬದಿಯ ಅಂಚಿಗೆ ಒಂದೊಂದೇ ಕ್ಯಾನ್ ಇಡುತ್ತಾ ಹೋಗಿ. ನನಗೆ ಮೂರು ಬೇಕಾಯಿತು. 60 ಕಿಲೋ, ನಡುವಿನಿಂದ 80 ಸೆಂಟಿಮೀಟರ್ ದೂರ. ಮೀಟರಿನಲ್ಲಿ ಗುಣಿಸಿದರೆ 60 × 0.8 = 48. ಎಡಗಡೆ ಸೀಟಿನ ಕೆಳಗಿನ ಮುಚ್ಚಿದ ಜಾಗ ನಡುವಿನಿಂದ ಸುಮಾರು 60 ಸೆಂಟಿಮೀಟರ್ ದೂರ ಇದೆ, 48ನ್ನು 0.6ರಿಂದ ಭಾಗಿಸಿದರೆ ಅಲ್ಲಿ 80 ಕಿಲೋ ಅಡಗಿರಬೇಕು. ಅಷ್ಟು ತೂಕದ ಯಾವ ವಸ್ತುವನ್ನೂ ನಾನು ಅಲ್ಲಿ ಇಟ್ಟಿಲ್ಲ. ಉಳಿದಿದ್ದು ನೀರೇ.

ಆ ಜಾಗದಲ್ಲಿ ಫೋಮ್ ತುಂಬಿರುತ್ತಾರೆ, ಬೋಟಿಗೆ ನೀರು ತುಂಬಿದರೂ ಮುಳುಗದಿರಲಿ ಅಂತ. ಹೊಸದಾಗಿದ್ದಾಗ ಅದು ನೀರು ಹೀರುವುದಿಲ್ಲ. ವರ್ಷಗಟ್ಟಲೆ ನೀರಲ್ಲಿ ನೆನೆದರೆ ನಿಧಾನಕ್ಕೆ ಕುಡಿಯುತ್ತದೆ, ಒಮ್ಮೆ ಕುಡಿದರೆ ಬಿಡುವುದಿಲ್ಲ. ಸೀಟಿನ ಮೇಲೆ ಗಾಳದ ರಾಡ್ ನಿಲ್ಲಿಸುವ ಹಿಡಿಕೆ ಕೂರಿಸಲು ಯಾರೋ ಹಾಕಿದ್ದ ನಾಲ್ಕು ಸ್ಕ್ರೂಗಳ ತೂತಿಗೆ ಸೀಲಂಟ್ ಹಾಕಿರಲಿಲ್ಲ. ಮೇಲಾಗಿ ಜೂನ್‌ನಿಂದ ಬೋಟನ್ನು ದಡಕ್ಕೆ ಎಳೆದು ಎಡಕ್ಕೆ ಓರೆಯಾಗಿ ಮಲಗಿಸಿದ್ದೆವು, ಮೇಲೆ ಹಾಕಿದ್ದ ಟಾರ್ಪಾಲ್ ಗಾಳಿಗೆ ಎದ್ದುಹೋಗಿತ್ತು. ನಮ್ಮ ಕರಾವಳಿ ಮಳೆ ಗೊತ್ತಲ್ವಾ. ಇಡೀ ಮಳೆಗಾಲ ಆ ಮೂಲೆಗೇ ಸುರಿದಿದೆ.

ಖಚಿತ ಮಾಡಿಕೊಳ್ಳಲು ಮರದ ಸುತ್ತಿಗೆಯ ಹಿಡಿಯಿಂದ ಎರಡೂ ಬದಿ ತಟ್ಟಿ ಸದ್ದು ಹೋಲಿಸಿ ನೋಡಿ. ಒಣಗಿದ ಕಡೆ ಟಕ್ ಟಕ್ ಅನ್ನುತ್ತದೆ, ನೀರು ಕುಡಿದ ಕಡೆ ಹಣ್ಣು ಹಲಸಿನ ಮೇಲೆ ತಟ್ಟಿದ ಹಾಗೆ ಮಂಕಾಗಿ ಕೇಳುತ್ತದೆ. ಆಮೇಲೆ ಬೋಟನ್ನು ದಡಕ್ಕೆ ತಂದು, ಒಳಗಡೆಯಿಂದ, ಸೀಟಿನ ಕೆಳಗಿನ ಆ ಮುಚ್ಚಿದ ಜಾಗದ ಎಲ್ಲಕ್ಕಿಂತ ಕೆಳಗಿನ ಮೂಲೆಯಲ್ಲಿ ಸಣ್ಣ ತೂತು ಕೊರೆಯಿರಿ. ಒಳಗಡೆಯಿಂದ ಅಂತ ಎರಡು ಸಲ ಹೇಳುತ್ತೇನೆ, ಬೋಟಿನ ಹೊರ ಮೈಗೆ ಡ್ರಿಲ್ ತಾಗಿಸಬೇಡಿ. ಬಿಟ್‌ಗೆ ಟೇಪ್ ಸುತ್ತಿ ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಗುರುತು ಮಾಡಿಕೊಳ್ಳಿ. ನನ್ನದರಲ್ಲಿ ಕಂದು ಬಣ್ಣದ ನೀರು ಸಂಜೆ ತನಕ ತೊಟ್ಟಿಕ್ಕಿತು. ಬಿಸಿಲಿಗೆ ಇಟ್ಟರೆ ಒಣಗುತ್ತದೆ ಅಂತ ಕಾದು ಮೂರು ವಾರ ಹಾಳು ಮಾಡಿದೆ. ಒಣಗಲಿಲ್ಲ. ಕೊನೆಗೆ ಮುಚ್ಚಳ ಕತ್ತರಿಸಿ, ಒದ್ದೆ ಫೋಮ್ ಕಿತ್ತು, ಹೊಸದು ತುಂಬಿಸಿ ಫೈಬರ್ ಹೊದಿಸಬೇಕಾಯಿತು. ಕಿತ್ತು ಸುಮ್ನೆ ಖಾಲಿ ಬಿಡಬೇಡಿ, ತೇಲಿಸುವ ಶಕ್ತಿಯೇ ಹೋಗುತ್ತದೆ.

ಇನ್ನು ಓಡುವಾಗ ಮಾತ್ರ ವಾಲುವ ಬೋಟು.

ಮೊದಲು ಗಾಳಿ ನೋಡಿ. ಹೊನ್ನಾವರದಿಂದ ದಕ್ಷಿಣ ದಡದ ಕಾಸರಕೋಡಿಗೆ ನದಿ ದಾಟುವಾಗ ಮಧ್ಯಾಹ್ನದ ಸಮುದ್ರದ ಗಾಳಿ ಬಲಗಡೆಯಿಂದ ಬರುತ್ತದೆ. ಆಗ ಗಾಳಿಗೆ ಬೋಟು ಎಡಕ್ಕೆ ವಾಲಬೇಕು ಅಂತ ಅನಿಸುತ್ತದೆ ಅಲ್ವಾ? ವೇಗದಲ್ಲಿ ಓಡುವ ವಿ ತಳದ ಬೋಟು ಬಲಕ್ಕೆ, ಅಂದರೆ ಗಾಳಿಯ ಕಡೆಗೇ ವಾಲುತ್ತದೆ. ಗಾಳಿ ಮೂತಿಯನ್ನು ಎಡಕ್ಕೆ ತಳ್ಳುತ್ತದೆ, ನೀವು ಗೊತ್ತಿಲ್ಲದೇ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ಹಿಡಿದಿರುತ್ತೀರಿ, ತಿರುವಿನಲ್ಲಿ ಒಳಕ್ಕೆ ವಾಲುವ ಹಾಗೆ ಬೋಟು ಆ ಕಡೆ ವಾಲಿಕೊಂಡೇ ಓಡುತ್ತದೆ. ವಾಪಸ್ ಬರುವಾಗ ಎಡಕ್ಕೆ ವಾಲಿದರೆ ಗಾಳಿಯದೇ ಆಟ, ಬೋಟಿನಲ್ಲಿ ದೋಷ ಇಲ್ಲ. ಆದ್ದರಿಂದ ಪರೀಕ್ಷೆ ಯಾವಾಗಲೂ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. ಲೈಫ್ ಜಾಕೆಟ್ ಹಾಕಿಕೊಂಡೇ ಮಾಡಿ.

ಎರಡೂ ದಿಕ್ಕಿನಲ್ಲಿ ಎಡಕ್ಕೇ ವಾಲಿದರೆ, ಅದರಲ್ಲೂ ಥ್ರಾಟಲ್ ಕೊಟ್ಟಷ್ಟೂ ಜಾಸ್ತಿಯಾದರೆ, ಪ್ರೊಪೆಲ್ಲರ್ ತಿರುಗುವ ಬಲದ್ದು. ಸಾಮಾನ್ಯ ಔಟ್‌ಬೋರ್ಡ್‌ನ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಅದಕ್ಕೆ ಎದುರಾಗಿ ಬೋಟು ಎಡಕ್ಕೆ ಮಗ್ಗುಲಾಗಲು ನೋಡುತ್ತದೆ. ಎಷ್ಟೋ ಬೋಟುಗಳಲ್ಲಿ ಸ್ಟೀರಿಂಗ್ ಬಲಗಡೆ ಇರುವುದಕ್ಕೆ ಇದೂ ಒಂದು ಕಾರಣ, ಓಡಿಸುವವನ ತೂಕ ಅದನ್ನು ಸರಿದೂಗಿಸುತ್ತದೆ. ಪೆಟ್ರೋಲ್ ಟ್ಯಾಂಕನ್ನು ಬಲಕ್ಕೆ ಸರಿಸಿ ನೋಡಿ, ಅಷ್ಟರಲ್ಲೇ ಸರಿಹೋಗುವುದುಂಟು.

ಇಂಜಿನ್ ತೀರಾ ಒಳಕ್ಕೆ ಬಾಗಿದ್ದರೆ ಮೂತಿ ನೀರಿಗೆ ಒತ್ತಿಕೊಂಡು ಬೋಟು ಒಂದು ಬದಿಗೆ ಬೀಳುತ್ತದೆ, ಟ್ರಿಮ್ (ಇಂಜಿನ್ ಎಷ್ಟು ಬಾಗಬೇಕು ಅಂತ ಹಿಡಿದಿಡುವ ಪಿನ್) ಒಂದು ತೂತು ಹೊರಕ್ಕೆ ಹಾಕಿ ನೋಡಿ. ಸ್ಟೀರಿಂಗ್ ಮಾತ್ರ ಒಂದು ಕಡೆ ಎಳೆಯುತ್ತದೆ, ವಾಲುವುದಿಲ್ಲ ಅಂದರೆ ಅದು ಬೇರೆ ಕಥೆ. ಪ್ರೊಪೆಲ್ಲರಿನ ಮೇಲಿರುವ ಸಣ್ಣ ರೆಕ್ಕೆಯ ಹಿಂದಿನ ತುದಿಯನ್ನು ಎಳೆಯುವ ಕಡೆಗೇ ಸ್ವಲ್ಪ ತಿರುಗಿಸಿ ಬಿಗಿ ಮಾಡಿದರೆ ಆಯಿತು. ಟ್ರಿಮ್ ಟ್ಯಾಬ್ (ಹಿಂಬದಿಯ ತಳದಂಚಿನ ಎರಡು ಕಡೆ ಇರುವ, ಏರಿಸಿ ಇಳಿಸುವ ಹಲಗೆ) ಇರುವ ಬೋಟಾದರೆ ಎರಡೂ ಸಮನಾಗಿ ಏಳುತ್ತವಾ ನೋಡಿ. ಎಡ ಟ್ಯಾಬ್ ಕೆಳಗೇ ಸಿಕ್ಕಿಕೊಂಡರೆ ಎಡ ಹಿಂಬದಿ ಎದ್ದು ಬೋಟು ಬಲಕ್ಕೆ ವಾಲುತ್ತದೆ.

ಇದ್ಯಾವುದೂ ಅಲ್ಲ ಅಂದರೆ ತಳದ ಕೆಳಗೆ ಮಲಗಲೇಬೇಕು. ಒಂದೇ ಬದಿಗೆ ಚಿಪ್ಪು ಕಟ್ಟಿದ್ದರೆ ಕೆರೆದು ತೆಗೆಯಿರಿ. ಹಿಂಬದಿಯ ಕೊನೆಯ ಐದಾರು ಅಡಿಗೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಪಟ್ಟಿಗೂ ತಳಕ್ಕೂ ನಡುವೆ ಬೆಳಕು ಕಾಣುತ್ತದಾ ನೋಡಿ. ಮಳೆಗಾಲವಿಡೀ ಒಂದೇ ತೆಂಗಿನ ದಿಮ್ಮಿಯ ಮೇಲೆ ಕೂತ ಬೋಟಿನ ತಳ ಅಲ್ಲಿ ಒಳಕ್ಕೆ ಬಗ್ಗಿರುತ್ತದೆ. ದಿಮ್ಮಿ ಒಂದೇ ಬದಿಗಿದ್ದರೆ ತಗ್ಗೂ ಒಂದೇ ಬದಿಗೆ. ಅದು ಕೆಳಗೆ ಇಳಿಸಿದ ಟ್ಯಾಬ್‌ನಂತೆ ಕೆಲಸ ಮಾಡಿ ಎದುರು ಬದಿಗೆ ವಾಲಿಸುತ್ತದೆ. ಇದಕ್ಕೆ ಫೈಬರ್ ಕೆಲಸದವರೇ ಬೇಕು.

ನನ್ನ ಬೋಟಿನಲ್ಲಿ ಫೋಮ್ ಬದಲಿಸಿದ ಮೇಲೆ ನಿಂತಾಗ ನೆಟ್ಟಗೆ. ಫುಲ್ ಥ್ರಾಟಲ್‌ನಲ್ಲಿ ಇನ್ನೂ ಒಂಚೂರು ಎಡಕ್ಕೆ ಬರುತ್ತಿತ್ತು, ಅದು ಪ್ರೊಪೆಲ್ಲರಿನದು, ಬ್ಯಾಟರಿ ಬಲಕ್ಕೆ ಹೋಯಿತು. ಈಗ ಎರಡೂ ಬದಿಯಲ್ಲಿ ನೀರು ಮುಟ್ಟುವ ಮಟ್ಟಕ್ಕೆ ಪೇಂಟಿನಿಂದ ಗೆರೆ ಎಳೆದಿದ್ದೇನೆ. ಯಾವುದಾದರೂ ಒಂದು ಗೆರೆ ಮುಳುಗಿದ್ದು ಕಂಡರೆ ಮೊದಲು ಹುಡುಕುವುದು ಸೀಲಂಟ್ ಇಲ್ಲದ ಸ್ಕ್ರೂ.