ಬಳ್ಳಿ ಬಿಟ್ಟು ಓದು ಕಲಿಸಿದ್ದು: ನನ್ನ ಅನುಭವ

ಬಳ್ಳಿ ಅಂದರೆ ಕ, ಕಾ, ಕಿ, ಕೀ ಎಂದು ಸಾಗುವ ಕಾಗುಣಿತದ ಸಾಲು. ‘ಬಳ್ಳಿ ಬಾಯಿಪಾಠ ಇಲ್ಲದ ಓದು ಹೆಂಗ ಬರ್ತದ ರೀ?’ ಎಂದು ಕೇಳದವರಿಲ್ಲ. ಬಂತು. ಕೊಪ್ಪಳ ಸೀಮೆಯ 6 ವರ್ಷದ ಮಕ್ಕಳು, ದಿನಕ್ಕೆ 20 ನಿಮಿಷ, ಹೆಚ್ಚುಕಡಿಮೆ 7 ತಿಂಗಳು.

ಅಕ್ಷರದ ಕ್ರಮ ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯದ್ದೇ: ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಅದನ್ನು ಮುಟ್ಟಲಿಲ್ಲ. ಬದಲಿಸಿದ್ದು ಕಾಗುಣಿತವನ್ನು. ಒಂದೇ ಅಕ್ಷರಕ್ಕೆ ಎಲ್ಲ ಚಿಹ್ನೆ ಹಚ್ಚುವ ಬದಲು, ಒಂದೇ ಚಿಹ್ನೆಯನ್ನು ಗೊತ್ತಿರುವ 9 ವ್ಯಂಜನಕ್ಕೂ ಹಚ್ಚಿದೆ. ಮೊದಲ 10 ದಿನ ಬರೀ ಇಳಿ: ದಾರ, ಮಾವ, ವಾರ, ರಾಜ. ಅದು ಗಟ್ಟಿಯಾದ ಮೇಲೆ ಗುಡಿಸು: ಬಿಸಿ, ಗಿರಿ, ರವಿ. ನಂತರ ಕೊಂಬು (ಉ ಚಿಹ್ನೆ), ಏತ್ವ (ಎ ಚಿಹ್ನೆ). ಉಳಿದ ದೀರ್ಘಗಳು ಅವುಗಳ ಹಿಂದೆ. ಬಳ್ಳಿ ಬಾಯಿಪಾಠದ ಮಗು ‘ಗಿರಿ’ ಕಂಡರೆ ‘ಗ ತಲಕಟ್ಟು ಗ’ ಎಂದು ಹಾಡುತ್ತ ಬಂದು ‘ಗಿ’ ಮುಟ್ಟುತ್ತದೆ. ‘ರಿ’ಗೂ ಅದೇ ಹಾಡು ಮುಗಿಸುವಷ್ಟರಲ್ಲಿ ‘ಗಿ’ ಮರೆತಿರುತ್ತದೆ.

ದುಡ್ಡು ಕಳೆದದ್ದೂ ಹೇಳಬೇಕು. ಬಳ್ಳಾರಿಯಿಂದ ತಂದ ಪ್ಲಾಸ್ಟಿಕ್ ಅಕ್ಷರದ ಡಬ್ಬಿಗೆ 350ರ ಸುಮಾರು. ಅದರಲ್ಲಿ ಒಂದೊಂದು ಅಕ್ಷರ ಒಂದೊಂದೇ ಸಲ. ಒಂದು ‘ಸ’, ಒಂದು ‘ರ’ ಇಟ್ಟುಕೊಂಡು ‘ಸರಸರ’ ಕೂಡಿಸುವುದು ಹೇಗೆ? ಲ್ಯಾಮಿನೇಷನ್ ಕಾರ್ಡಿಗೆ 600 ಹೋಯಿತು. ಬೇಸಿಗೆಗೆ ಅಂಚು ಬಿಟ್ಟುಕೊಂಡವು. ಕಿನ್ನಾಳದ ಗೊಂಬೆಯ ನೆನಪಾಗಿ ಹಗುರ ಮರದಲ್ಲಿ ಹತ್ತು ಅಕ್ಷರ ಕೊರೆಸಿಯೂ ನೋಡಿದೆ. ಚೆಂದ ಇದ್ದವು, ಮಕ್ಕಳು ಬಂಡಿ ಮಾಡಿ ಎಳೆದರು.

ಕೊನೆಗೆ ಉಳಿದದ್ದು ಹಳೆ ಮದುವೆ ಕಾರ್ಡು. 2 ಇಂಚಿನ ಚೌಕ. ರ, ಸ, ದ, ನ ತಲಾ 6, ಉಳಿದವು 4. ಖರ್ಚು ಒಂದು ಮಾರ್ಕರ್ ಪೆನ್ನು. ಚಿಹ್ನೆಯನ್ನು ಮಾತ್ರ ಬೇರೆ ಚೂರಿನಲ್ಲಿ ಬರೆಯಬೇಡಿ. ಗುಡಿಸು ಬಂದಾಗ ತಲಕಟ್ಟು ಹೋಗಬೇಕು. ಎರಡು ಚೂರು ಜೋಡಿಸಿದರೆ ತಲಕಟ್ಟು ಅಲ್ಲೇ ಉಳಿದು, ಪುಸ್ತಕದಲ್ಲಿಲ್ಲದ ಅಕ್ಷರ ಹುಟ್ಟುತ್ತದೆ. ‘ಗಿ’ಯನ್ನು ಇಡಿಯಾಗಿಯೇ ಬರೆಯಿರಿ. ಮ-ವು, ಪ-ಷ ಗೊಂದಲಕ್ಕೆ ತಾಟಿನಲ್ಲಿ ನುಚ್ಚಕ್ಕಿ ಹರಡಿ ಬೆರಳಲ್ಲಿ ಬರೆಸಿದೆ. ತೆಳುವಾಗಿ ಹರಡಬೇಕು, ದಪ್ಪವಾದರೆ ಗೆರೆ ತಾನೇ ಮುಚ್ಚುತ್ತದೆ.

ನಮ್ಮ ಕಡೆಯ ದೊಡ್ಡ ತೊಡಕು ಏತ್ವ. ಮಗು ಮನೆಯಲ್ಲಿ ಆಡುವುದು ‘ಮನಿ’, ‘ಮಳಿ’, ‘ಸಾಲಿ’. ಉಕ್ತಲೇಖನದಲ್ಲಿ ‘ಮನಿ’ ಬರೆದರೆ ಅದರ ಕಿವಿ ಸರಿಯಾಗೇ ಇದೆ. ಕೆಂಪು ಗೆರೆ ಎಳೆದರೆ ಕಿವಿಯನ್ನು ನಂಬುವುದನ್ನೇ ಬಿಡುತ್ತದೆ. ‘ಕತ್ತಿ’ ಎಂದು ಓದಿ ಮಗು ನಕ್ಕಿತು: ಚಿತ್ರದಲ್ಲಿ ಖಡ್ಗ, ಅದರ ಮನಸ್ಸಿನಲ್ಲಿ ಅಗಸರ ಕತ್ತೆ. ಪಾಟಿಯ ನಡುವೆ ಗೆರೆ ಹಾಕಿ ಎಡಕ್ಕೆ ‘ಮನ್ಯಾಗಿನ ಮಾತು’, ಬಲಕ್ಕೆ ‘ಪುಸ್ತಕದ ಮಾತು’ ಬರೆಸತೊಡಗಿದೆ. ಒಂದು ವಾರಕ್ಕೆ ಹೊಸ ರೋಗ ಶುರುವಾಯಿತು: ಕುರಿ ‘ಕುರೆ’, ಗಿಳಿ ‘ಗಿಳೆ’! ಇಲ್ಲಿ ಕಿವಿಗೆ ಸುಳಿವೇ ಸಿಗದು, ಕಣ್ಣಿಗೇ ರೂಢಿ ಆಗಬೇಕು. ಎರಡೂ ಕಡೆ ಬದಲಾಗದ ಕುರಿ, ಗಿಳಿ, ಇಲಿ, ಬಿಸಿಯಂಥ ಹನ್ನೆರಡು ಪದ ಬೇರೆ ಹಾಳೆಯಲ್ಲಿ ಗೋಡೆಗೆ ಹಚ್ಚಿದೆ. 3 ವಾರ ಹಿಡಿಯಿತು.

ಒತ್ತಕ್ಷರಕ್ಕೆ ಎಲ್ಲರೂ ‘ಅಮ್ಮ’ದಿಂದ ಹೊರಡುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟೆ. ಮಕಾರದ ಒತ್ತು ಮ ಥರ ಕಾಣುವುದೇ ಇಲ್ಲ. ತ, ನ, ಯ, ರ, ಲ ಕೂಡ ಅದೇ ಜಾತಿ. ಅಕ್ಕ, ಅಪ್ಪ, ಅಣ್ಣ, ಹಗ್ಗ ಮೊದಲು ಬರಲಿ, ಅಲ್ಲಿ ಒತ್ತು ತಾಯಿ ಅಕ್ಷರದ ಮರಿಯಂತೆ ಕಾಣುತ್ತದೆ. ಅಮ್ಮ ಎರಡು ವಾರ ಕಾದರೂ ಬೇಜಾರಾಗಲಿಲ್ಲ. ‘ಅಕ್ಕ’ವನ್ನು ‘ಅಕ’ ಎಂದು ಬರೆಯುವ ಮಗುವಿಗೆ, ಪದವನ್ನು ಚಪ್ಪಾಳೆ ತಟ್ಟಿ ಹೇಳಿಸುವಾಗ ನಡುವೆ ಕೈ ತಡೆದು ಹಿಡಿಸಬೇಕು.

ಉಕ್ತಲೇಖನ ದಿನಕ್ಕೆ 5 ಪದ ಸಾಕು. ಅಂಕ ಹಾಕಲಿಲ್ಲ, ತಪ್ಪನ್ನು ದೀರ್ಘ, ಒತ್ತು, ಮಹಾಪ್ರಾಣ ಎಂದು ವಿಂಗಡಿಸಿ, ಹೆಚ್ಚಿದ್ದದ್ದನ್ನೇ ಮರುದಿನದ ಪಾಠ ಮಾಡಿದೆ. ಮಹಾಪ್ರಾಣದ ತಪ್ಪು ಈ ವಯಸ್ಸಿಗೆ ನಾನು ತಿದ್ದುವುದಿಲ್ಲ.

ಅರ್ಕಾವೊತ್ತು, ಅಂದರೆ ‘ಸೂರ್ಯ’ದಲ್ಲಿ ‘ರ್’ ಸೂಚಿಸುವ ಗುರುತು, ಕಟ್ಟಕಡೆಗೆ. ಬಾಯಿಗೆ ಮೊದಲು ಬರುವ ರಕಾರ ಬರಹದಲ್ಲಿ ಹಿಂದೆ ಕೂರುತ್ತದೆ. ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುವವರು ನನ್ನ ಹತ್ತಿರ ಇನ್ನೂ ಇಬ್ಬರಿದ್ದಾರೆ.