ಹಂಪಿಯಲ್ಲಿ ರೂಮು ಹಿಡಿಯುವ ಮುನ್ನ ಹೊಳೆ ಯಾವ ಕಡೆ ನೋಡಿ

ಬುಕಿಂಗ್ ಆ್ಯಪ್‌ನಲ್ಲಿ ‘ಹಂಪಿ’ ಎಂದು ಹೊಡೆದರೆ ಹೊಸಪೇಟೆಯ ಲಾಡ್ಜು, ಕಮಲಾಪುರದ ಹೋಟೆಲು, ಸಣಾಪುರದ ಹುಲ್ಲು ಹೊದೆಸಿದ ಗುಡಿಸಲು ಎಲ್ಲವೂ ಹಂಪಿಯೇ ಆಗಿ ಸಾಲುಗಟ್ಟುತ್ತವೆ. ಫೋಟೊದಲ್ಲಿ ಬಂಡೆಯೂ ಇದೆ, ಭತ್ತದ ಗದ್ದೆಯೂ ಇದೆ, ‘ವಿರೂಪಾಕ್ಷ ದೇವಸ್ಥಾನಕ್ಕೆ ಒಂದೂವರೆ ಕಿ.ಮೀ.’ ಎಂದೂ ಬರೆದಿದೆ. ದುಡ್ಡು ಕಟ್ಟಿ, ಊರಿಂದ ಕಾರು ಹೊಡೆದುಕೊಂಡು ಬಂದ ಮೇಲೆ ತಿಳಿಯುತ್ತದೆ: ಆ ಒಂದೂವರೆ ಕಿಲೋಮೀಟರಿನ ನಡುವೆ ತುಂಗಭದ್ರೆ ಹರಿಯುತ್ತಿದ್ದಾಳೆ.

ಹಂತ 1. ಎಷ್ಟು ರಾತ್ರಿ, ಸ್ವಂತ ಗಾಡಿ ಇದೆಯೇ, ಜೊತೆಗೆ ವಯಸ್ಸಾದವರಿದ್ದಾರೆಯೇ? ಈ ಮೂರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2. ದಡ ತೀರ್ಮಾನಿಸಿ. ಜನ ಎಡವುವುದೇ ಇಲ್ಲಿ.

ವಿರೂಪಾಕ್ಷ, ವಿಜಯ ವಿಠ್ಠಲ, ಹಜಾರರಾಮ, ಕಮಲ ಮಹಲ್, ಮಹಾನವಮಿ ದಿಬ್ಬ ಇವೆಲ್ಲ ಇರುವುದು ಹೊಳೆಯ ದಕ್ಷಿಣಕ್ಕೆ, ವಿಜಯನಗರ ಜಿಲ್ಲೆಯಲ್ಲಿ. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ, ಸಣಾಪುರದ ಕೆರೆ ಉತ್ತರಕ್ಕೆ, ಕೊಪ್ಪಳ ಜಿಲ್ಲೆಯಲ್ಲಿ. ಆದ್ದರಿಂದ ಹೋಮ್‌ಸ್ಟೇ ವಿಳಾಸದ ಕೊನೆಯ ಸಾಲು ಓದಿ. ‘ಗಂಗಾವತಿ ತಾಲ್ಲೂಕು’ ಎಂದಿದ್ದರೆ ಅದು ಆಚೆ ದಡ, ಹೆಸರಿನಲ್ಲಿ ಹಂಪಿ ಎಂದು ಎಷ್ಟು ಸಲ ಇದ್ದರೂ ಸರಿ.

ವಿಳಾಸವೇ ಇಲ್ಲದಿದ್ದರೆ ಮ್ಯಾಪ್ ತೆರೆದು ರೂಮಿನ ಪಿನ್‌ನಿಂದ ವಿರೂಪಾಕ್ಷ ದೇವಸ್ಥಾನಕ್ಕೆ ದಾರಿ ಕೇಳಿ. ಕಾಲ್ನಡಿಗೆಯದ್ದಲ್ಲ, ಕಾರಿನ ದಾರಿ. ಹಂಪಿಯಿಂದ ಆನೆಗೊಂದಿಗೆ ಹೋಗುವ ಕಾರು ಕಮಲಾಪುರ, ಬುಕ್ಕಸಾಗರ ದಾಟಿ ಕಡೇಬಾಗಿಲು ಸೇತುವೆ ಹತ್ತಬೇಕು. ಬಜಾರಿನಿಂದ ಲೆಕ್ಕ ಹಾಕಿದರೆ 20 ಕಿ.ಮೀ. ಆಸುಪಾಸು, ಸಣಾಪುರಕ್ಕೆ ಇನ್ನೂ ಹೆಚ್ಚು. ಹತ್ತಿರದ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕೆಲಸ ಮುಗಿಯುವ ಮೊದಲೇ ಕುಸಿಯಿತು.

‘ದೋಣಿ ಇದೆಯಲ್ಲ ಸಾರ್’ ಎನ್ನುತ್ತಾರೆ ರೂಮಿನವರು. ಇದೆ, ಹಗಲು ಹೊತ್ತು. ಕತ್ತಲಾಗುವ ಹೊತ್ತಿಗೆ ನಿಲ್ಲುತ್ತದೆ. ಹೇಮಕೂಟದ ಮೇಲೆ ಸೂರ್ಯಾಸ್ತ ನೋಡಿ ನಿಧಾನಕ್ಕೆ ಇಳಿದು ಬಂದವರಿಗೆ ಘಟ್ಟದಲ್ಲಿ ದೋಣಿಯವರು ಸಿಗುವುದಿಲ್ಲ. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ ದಿನಗಟ್ಟಲೆ ಬಂದ್. ಹೊಳೆ ದಡದ ಪುರಂದರ ಮಂಟಪ ಮುಳುಗಿದ ಫೋಟೊ ಪೇಪರಿನಲ್ಲಿ ಬಂತೆಂದರೆ ದೋಣಿ ಇಲ್ಲವೆಂದೇ ತಿಳಿಯಿರಿ. ಜುಲೈನಿಂದ ಅಕ್ಟೋಬರ್ ನಡುವೆ ಹೋಗುವವರು ದೋಣಿ ನಂಬಿ ಆಚೆ ದಡದಲ್ಲಿ ರೂಮು ಮಾಡಲೇಬಾರದು.

ಇಲ್ಲೇ ಇನ್ನೊಂದು ಮಾತು. ವಿರೂಪಾಕ್ಷ ದೇವಸ್ಥಾನದೆದುರು ಹೊಳೆಯಾಚೆ ಇರುವ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಹೊಗಳುವ ಹಳೆಯ ಬರಹಗಳು ಈಗಲೂ ಓಡಾಡುತ್ತಿವೆ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ಅವನ್ನು ಕೆಡವಲಾಯಿತು. ಆ ಹೆಸರು ಹೇಳಿ ಅಡ್ವಾನ್ಸ್ ಕೇಳಿದರೆ ಫೋನ್ ಇಟ್ಟುಬಿಡಿ.

ಮೊದಲ ಸಲ ಬರುವವರು, ಎರಡೇ ರಾತ್ರಿ ಇರುವವರು ಈಚೆ ದಡದಲ್ಲೇ ಉಳಿಯಿರಿ. ಮೂರನೆಯ ರಾತ್ರಿ ಇದ್ದರೆ ಅದನ್ನು ಆನೆಗೊಂದಿಗೆ ಕೊಡಿ: ಬೆಳಗ್ಗೆ ಬ್ಯಾಗು ಕಟ್ಟಿ ಸೇತುವೆ ಮೇಲೆ ಹೋಗಿಬಿಡಿ, ಮರುದಿನ ಬಿಸಿಲೇರುವ ಮೊದಲು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ. ದಿನಾ ಆಚೆ ಈಚೆ ಓಡಾಡುವ ಯೋಜನೆ ಬೇಡ.

ಹಂತ 3. ಈಚೆ ದಡದಲ್ಲಿ ಯಾವ ಊರು?

ಕಾರಿದ್ದು, ಅಪ್ಪ ಅಮ್ಮ ಜೊತೆಗಿದ್ದರೆ ಕಮಲಾಪುರ. ಅರಮನೆ ಆವರಣ ಪಕ್ಕದಲ್ಲೇ, ವಿಠ್ಠಲ ದೇವಸ್ಥಾನಕ್ಕೂ ರಸ್ತೆ ಹೋಗುವುದು ಇಲ್ಲಿಂದಲೇ, ಮ್ಯೂಸಿಯಂ ಊರೊಳಗೇ ಇದೆ. ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ನೋಡಲೇಬೇಕೆಂಬ ಹಟ ಇದ್ದರೆ ಮಾತ್ರ ದೇವಸ್ಥಾನದ ಹತ್ತಿರದ ಜನತಾ ಪ್ಲಾಟ್. ಕಿರಿದಾದ ಓಣಿ, ಚಿಕ್ಕ ರೂಮು, ಕಾರು ಬಾಗಿಲಿಗೆ ಬರುವುದಿಲ್ಲ, ಮಾಂಸ ಮದ್ಯ ಇಲ್ಲ. ಆದರೆ ಕೋಳಿ ಕೂಗುವ ಹೊತ್ತಿಗೆ ಎದ್ದು ಟಾರ್ಚ್ ಹಿಡಿದು ನಡೆದೇ ಬೆಟ್ಟದ ಬುಡ ಸೇರಬಹುದು. (ಒಬ್ಬರೇ ಹೋಗಬೇಡಿ.) ಕಡ್ಡಿರಾಂಪುರ ಇವೆರಡರ ನಡುವಿನ ರಾಜಿ: ಹೊಸಪೇಟೆ ರಸ್ತೆಯಲ್ಲೇ ಇದೆ, ಗಾಡಿ ನಿಲ್ಲಿಸಲು ಜಾಗವಿದೆ.

ಹೊಸಪೇಟೆ 13 ಕಿ.ಮೀ. ದೂರ. ಆಸ್ಪತ್ರೆ, ಮೆಡಿಕಲ್ ಶಾಪ್, ಒಳ್ಳೆಯ ಊಟ, ರೈಲು ಎಲ್ಲ ಅಲ್ಲಿದೆ ನಿಜ. ಆದರೆ ಹಂಪಿಯ ಬೆಳಗು, ಬೈಗು ಎರಡೂ ಕೈತಪ್ಪುತ್ತವೆ. ಉಳಿಯುವುದು ಸುಡು ಮಧ್ಯಾಹ್ನ. ಒಂದೇ ದಿನಕ್ಕೆ ಬಂದು ರಾತ್ರಿ ರೈಲು ಹಿಡಿಯುವವರಿಗೆ ಸಾಕು.

ಹಂತ 4. ದುಡ್ಡು ಕಳಿಸುವ ಮುನ್ನ ಫೋನ್ ಮಾಡಿ. ‘ಜನರೇಟರ್ ಇದೆ’ ಎಂದರೆ ಎ.ಸಿ.ಗೂ ಇದೆಯೇ, ಫ್ಯಾನು ಲೈಟಿಗೆ ಮಾತ್ರವೇ ಎಂದು ಬಿಡಿಸಿ ಕೇಳಿ. ಏಪ್ರಿಲ್, ಮೇನಲ್ಲಿ ಮೇಲ್ಮಹಡಿ ಬೇಡವೇ ಬೇಡ. ಹಗಲೆಲ್ಲ ಬೆಂದ ತಾರಸಿ ರಾತ್ರಿಯಿಡೀ ಕಾವು ಕಾರುತ್ತದೆ. ಜನತಾ ಪ್ಲಾಟಿನಲ್ಲಾದರೆ ಕಿಟಕಿಗೆ ಜಾಲರಿ ಇದೆಯೇ ಕೇಳಿ, ಕೋತಿಗಳು ಬಾಳೆಹಣ್ಣಿನ ವಾಸನೆಗೆ ಬ್ಯಾಗನ್ನೇ ಎಳೆದೊಯ್ಯುತ್ತವೆ. ಕೊನೆಗೆ ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳಿ. ಆ್ಯಪಿನ ಪಿನ್‌ಗೂ ಅದಕ್ಕೂ ತಾಳೆಯಾಗದಿದ್ದರೆ ಬೇರೆ ಕಡೆ ನೋಡಿ.

ಹಂತ 5. ತಾರೀಖು. ಹಂಪಿ ಉತ್ಸವದ ದಿನಗಳಲ್ಲಿ ಈಚೆ ದಡ, ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ಹೊತ್ತಿಗೆ ಅಂಜನಾದ್ರಿ ಕಡೆ ಕಾಲಿಡಲು ಜಾಗವಿರುವುದಿಲ್ಲ. ಉತ್ಸವದ ತಾರೀಖು ವರ್ಷ ವರ್ಷಕ್ಕೆ ಬದಲಾಗುತ್ತದೆ, ನೋಡಿಕೊಂಡೇ ಟಿಕೆಟ್ ಮಾಡಿಸಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ನಿಮ್ಮನ್ನು ಬೆಳಗ್ಗೆಯೇ ಹೊಸಪೇಟೆಯಲ್ಲಿ ಇಳಿಸುತ್ತದೆ, ರೂಮು ಕೊಡುವುದು ಮಧ್ಯಾಹ್ನ. ಬಂದ ಕೂಡಲೇ ಸ್ನಾನಕ್ಕೆ ಜಾಗ ಕೊಟ್ಟು ಬ್ಯಾಗು ಇಟ್ಟುಕೊಳ್ಳುತ್ತಾರೆಯೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ ಮುಗಿಸಿ.