ಸೀಗಿ ಹುಣ್ಣಿಮೆಗೆ ಬೆಳಗಾವಿಗೆ ಬನ್ನಿ: ಎರಡು ದಿನ ಹೀಗೆ ಕಳೆಯಿರಿ

ಬೆಳಗಾವಿಗೆ ಯಾವಾಗ ಬರಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕ್ಯಾಲೆಂಡರ್‌ನಲ್ಲಿ ಸೀಗಿ ಹುಣ್ಣಿಮೆ, ಅಂದರೆ ದಸರೆ ಆದ ಮೇಲೆ ಅಕ್ಟೋಬರ್‌ನಲ್ಲಿ ಬರುವ ಹುಣ್ಣಿಮೆ ನೋಡುತ್ತೇನೆ. ಅದರ ಆಚೀಚೆಯ ಶನಿವಾರ, ಭಾನುವಾರಕ್ಕೆ ಬನ್ನಿ ಅನ್ನುತ್ತೇನೆ. ಅಷ್ಟೊತ್ತಿಗೆ ಜೂನ್‌ನಿಂದ ಹಿಡಿದ ಮಳೆ ಬಿಟ್ಟಿರುತ್ತದೆ. ರಸ್ತೆ ಒಣಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಇಲ್ಲಿಯ ಮರಾಠಿ ಮನೆಗಳಲ್ಲಿ ಇದೇ ಹುಣ್ಣಿಮೆಗೆ ಕೋಜಾಗಿರಿ ಅಂತಾರೆ. ಮಾಳಿಗೆ ಮೇಲೆ ಕೇಸರಿ, ಬಾದಾಮಿ ಹಾಕಿ ಹಾಲು ಕಾಯಿಸಿ ಬೆಳದಿಂಗಳಿಗೆ ಇಡುತ್ತಾರೆ. ಆಮೇಲೆ ಹಾಡುತ್ತಾ ಎಚ್ಚರ ಇರುತ್ತಾರೆ. ಶಹಾಪುರದ ಅಂಥ ಒಂದು ಮಾಳಿಗೆಯಲ್ಲೇ ನಾನು ಮೊದಲ ಸಲ ನಾಲ್ಕು ಜನರ ಮುಂದೆ ಹಾರ್ಮೋನಿಯಂ ನುಡಿಸಿದ್ದು.

ಪ್ರತಿ ವರ್ಷ ನನ್ನ ತಂಗಿ, ಅವಳ ಯಜಮಾನರು ಮೈಸೂರಿನಿಂದ ಬರುತ್ತಾರೆ. ಅವರಿಗಾಗಿ ಹಾಕಿಕೊಂಡ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ.

ಮೊದಲು ಹಿಂದೂಸ್ತಾನಿ ಹಾಡು ಎಲ್ಲಿದೆ ಹುಡುಕಿ. ರೂಮು, ಊಟ, ತಿರುಗಾಟ ಎಲ್ಲ ಆಮೇಲೆ. ಕುಮಾರ ಗಂಧರ್ವ ರಂಗಮಂದಿರ, ಲೋಕಮಾನ್ಯ ರಂಗಮಂದಿರ, ಈ ಎರಡು ಕಡೆ ಏನಿದೆ ಅಂತ ವಾರ ಮುಂಚೆಯೇ ವಿಚಾರಿಸಿ. ಆದರೆ ಮನೆಗಳಲ್ಲಿ, ಗುಡಿಗಳಲ್ಲಿ ನಡೆಯುವ ಬೈಠಕ್‌ಗಳಿಗೆ ದೊಡ್ಡ ಬೋರ್ಡ್ ಇರುವುದಿಲ್ಲ. ಅದಕ್ಕೆ ತಬಲಾ, ಹಾರ್ಮೋನಿಯಂ ರಿಪೇರಿ ಮಾಡುವ ಅಂಗಡಿಗೆ ಹೋಗಿ, "ಕಾಕಾ, ಈ ವಾರ ಬೈಠಕ್ ಎಲ್ಲಿ ಐತ್ರಿ?" ಅಂತ ಕೇಳಿ. ಯಾರು ತಬಲಾಕ್ಕೆ ಹೊಸ ಚರ್ಮ ಹಾಕಿಸಿಕೊಂಡರು, ಯಾವ ದಿನಕ್ಕೆ ಬೇಕು ಅಂದರು, ಅವರಿಗೆ ಗೊತ್ತಿರುತ್ತದೆ.

ರಂಗಮಂದಿರಕ್ಕೆ ಆ ಹೆಸರು ಸುಮ್ನೆ ಬಂದದ್ದಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಹತ್ತಿರದ ಸುಳೇಭಾವಿಯಲ್ಲಿ, 1924ರ ಏಪ್ರಿಲ್‌ನಲ್ಲಿ. ಮನೆಯವರು ಇಟ್ಟ ಹೆಸರು ಶಿವಪುತ್ರ. ಅದೇ ವರ್ಷ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿ ಮುಂದೆ ಗಂಗೂಬಾಯಿ ಹಾನಗಲ್ ಅಂತ ಹೆಸರಾದರು. ಇಂಥ ಊರಿಗೆ ಬಂದು ಒಂದು ಸಂಜೆಯೂ ಹಾಡು ಕೇಳದೆ ಹೋದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಶುಂಠಿ ಚಹಾ ಕುಡಿದು ರಿಸಾಲದಾರ್ ಗಲ್ಲಿಯಿಂದ ನಡೆಯಲು ಶುರು ಮಾಡಿ. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಮೊದಲು ಉಳಿದದ್ದು ಈ ಗಲ್ಲಿಯ ಭಾಟೆ ಅವರ ಮನೆಯಲ್ಲಿ. ಆಮೇಲೆ ಕೋಟೆಯ ಒಳಗೆ, ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ. ಆ ಮನೆ ಈಗ ರಾಮಕೃಷ್ಣ ಆಶ್ರಮದವರ ಬಳಿ ಇದೆ. ಈ ಮನೆಯಿಂದ ಆ ಮನೆಗೆ ನಡೆದು ಹೋಗುವುದೇ ನನ್ನ ಬೆಳಗಿನ ದಾರಿ. ಅವರು ಬಂದ ತಿಂಗಳಲ್ಲೇ, ಅದೇ ಹವೆಯಲ್ಲಿ ನಡೆಯುತ್ತೀರಿ.

ಕೋಟೆಯಲ್ಲಿ ಜಾಸ್ತಿ ಹೊತ್ತು ಕಮಲ ಬಸದಿಗೆ ಕೊಡಿ. ರಟ್ಟ ವಂಶದ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಒಳಗೆ ನೇಮಿನಾಥನ ಮೂರ್ತಿ ಇದೆ. ಕಪ್ಪು ಕಂಬಗಳನ್ನು ಎಷ್ಟು ನುಣ್ಣಗೆ ಕಡೆದಿದ್ದಾರೆ ಅಂದರೆ ಅವು ಬೆಳಕಿಗೆ ಹೊಳೆಯುತ್ತವೆ. ನಡುವೆ ನಿಂತು ಕತ್ತೆತ್ತಿ. ಮೇಲಿನಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಅದಕ್ಕೆ 72 ಎಸಳು. ಆಗಿಹೋದ, ಈಗಿನ, ಮುಂದೆ ಬರುವ ತೀರ್ಥಂಕರರು ತಲಾ 24 ಅಂತ ಲೆಕ್ಕ. ಕಣ್ಣು ಮೇಲಕ್ಕೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆಮೇಲೆ ಎಸಳು ಒಂದೊಂದಾಗಿ ಕಾಣತೊಡಗುತ್ತವೆ. ಫೋಟೋ ಆಮೇಲೆ ತೆಗೆಯಿರಿ. ಸಫಾ ಮಸೀದಿಯೂ ಇದೇ ಕೋಟೆಯೊಳಗಿದೆ.

ಮಧ್ಯಾಹ್ನದ ಊಟವೇ ಆ ದಿನದ ದೊಡ್ಡ ಊಟ. ಖಾನಾವಳಿಗೆ ಹೋಗಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕಾ, ಹೆಸರುಕಾಳು, ಗಟ್ಟಿ ಮೊಸರು, ಶೇಂಗಾ ಚಟ್ನಿ. "ಇನ್ನೊಂದ್ ಹಾಕ್ಲೇನ್ರಿ ಅಕ್ಕಾರ?" ಅಂತ ಬಡಿಸುವವರು ಕೇಳಿದರೆ ಹಾಕಿಸಿಕೊಳ್ಳಿ. ಆದರೆ ಸ್ವಲ್ಪ ಅನ್ನಕ್ಕೂ ಜಾಗ ಇರಲಿ. ಶಹಾಪುರ, ವಡಗಾವಿ ಸುತ್ತ ಬೆಳೆಯುವ ಬೆಳಗಾವಿ ಬಾಸುಮತಿ ಸಿಕ್ಕರೆ ಬಿಡಬೇಡಿ. ಉಂಡ ಮೇಲೆ ಒಂದು ತಾಸು ಮಲಗಿ. ರಾತ್ರಿ ಎಚ್ಚರ ಇರಬೇಕಲ್ವಾ?

ಸಂಜೆ ಕಾರ್ಯಕ್ರಮಕ್ಕೆ ಮುಂಚೆ ಹೋಟೆಲ್‌ನಲ್ಲಿ ಊಟಕ್ಕೆ ಕೂರಬೇಡಿ. ಒಂದು ವರ್ಷ ನಾವು ಹಾಗೆ ಕೂತು ಮುಕ್ಕಾಲು ಗಂಟೆ ಕಾದೆವು. ಓಡಿ ಬರುವಷ್ಟರಲ್ಲಿ ಯಮನ್ ರಾಗದ ನಿಧಾನದ ಆಲಾಪ ಮುಗಿದು ವೇಗದ ದ್ರುತ್ ನಡೆದಿತ್ತು. ತಂಗಿಯ ಯಜಮಾನರು ಆ ಆಲಾಪಕ್ಕಾಗಿಯೇ ಅಷ್ಟು ದೂರದಿಂದ ಬಂದಿದ್ದರು. ಅವರು ಏನೂ ಅನ್ನಲಿಲ್ಲ, ಆದರೂ ನನಗೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಈಗ ಒಂದು ಪ್ಲೇಟ್ ಅವಲಕ್ಕಿ ತಿಂದು ಹೋಗುತ್ತೇವೆ. ಊಟ ಹಾಡು ಮುಗಿದ ಮೇಲೆ.

ಅರ್ಧ ಗಂಟೆ ಮುಂಚೆಯೇ ಹೋಗಿ ಕೂಡಿ. ಶ್ರುತಿ ಮಾಡುವುದನ್ನು ಕೇಳಲಿಕ್ಕೆ. ತಂಬೂರಿಯ ತಂತಿಗೂ ಅದನ್ನು ಹೊತ್ತ ಕುದುರೆ ಅನ್ನುವ ಪಟ್ಟಿಗೂ ನಡುವೆ ಒಂದು ದಾರದ ಎಳೆ ಇರುತ್ತದೆ. ಅದನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸುತ್ತಾರೆ, ಮೀಟುತ್ತಾರೆ, ಮತ್ತೆ ಸರಿಸುತ್ತಾರೆ. ಅಲ್ಲಿಯವರೆಗೆ ಟಣ್ ಅಂತ ಮೊಂಡಾಗಿದ್ದ ತಂತಿ ಒಂದು ಕಡೆ ಬಂದ ಕೂಡಲೇ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಪಕ್ಕದಲ್ಲಿ ತಬಲಾದವರು ಸಣ್ಣ ಸುತ್ತಿಗೆಯಿಂದ ಅಂಚಿಗೆ ಬಡಿಯುತ್ತಾ, ತಬಲಾ ತಿರುಗಿಸುತ್ತಾ ಅದೇ ಷಡ್ಜವನ್ನು, ಅಂದರೆ 'ಸ' ಸ್ವರವನ್ನು ಹುಡುಕುತ್ತಿರುತ್ತಾರೆ. ಎರಡೂ ಕೂಡಿದ ಕ್ಷಣ ಕಿವಿಗೆ ಗೊತ್ತಾಗುತ್ತದೆ. ಇದನ್ನು ಕೇಳಿಸಿಕೊಂಡವರಿಗೆ ಮುಂದಿನ ಆಲಾಪ ಹಿಡಿಯುವುದು ಸುಲಭ, ರಾಗದ ಹೆಸರು ಗೊತ್ತಿಲ್ಲದಿದ್ದರೂ.

ಬೈಠಕ್‌ನಲ್ಲಿ ಹಾರ್ಮೋನಿಯಂ ಇರುವ ಬದಿಗೆ ಕೂಡಿ, ಎದುರಿನ ತಬಲಾದವರ ಕೈ ಚೆನ್ನಾಗಿ ಕಾಣುತ್ತದೆ. ಸ್ಪೀಕರ್ ಮುಂದೆ ಮಾತ್ರ ಬೇಡ. ಏಳುವುದಿದ್ದರೆ ಎರಡು ರಾಗಗಳ ನಡುವೆ ಏಳಿ. ನನ್ನ ಮಾತು ಕೇಳಿದರೆ ಭೈರವಿ ಮುಗಿಯುವವರೆಗೂ ಏಳಲೇಬೇಡಿ. ಸಾಮಾನ್ಯವಾಗಿ ಕೊನೆಗೆ ಹಾಡುವುದು ಅದನ್ನೇ. ಹೊರಗೆ ಬಂದ ಮೇಲೆ ಆಟೋ ಹತ್ತಬೇಡಿ, ಸ್ವಲ್ಪ ದೂರ ನಡೆಯಿರಿ. ನಾವು ಮೂವರೂ ಆಗ ಮಾತಾಡುವುದಿಲ್ಲ. ಮನೆಗೆ ಬಂದು ಅನ್ನ, ಸಾರು ಉಂಡು ಹಾಲು ಕುಡಿಯುತ್ತೇವೆ.

ಭಾನುವಾರ ತಡವಾಗಿ ಎದ್ದರೂ ನಡೆಯುತ್ತದೆ. ಗೋಕಾಕ ಜಲಪಾತ ನೋಡಿ ಬರೋಣ ಅಂತ ಅನಿಸಬಹುದು. 52 ಮೀಟರ್ ಮೇಲಿಂದ ಬೀಳುವ ನೀರು, ನೋಡಲೇಬೇಕಾದದ್ದೇ. ಆದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಈ ದಿನ ಟಿಳಕವಾಡಿಗೆ ಹೋಗಿ. 1924ರ ಅಧಿವೇಶನಕ್ಕೆ ಬಂದವರಿಗಾಗಿ ತೋಡಿದ ಕಾಂಗ್ರೆಸ್ ಬಾವಿ, ಅದರ ಪಕ್ಕ ಅದೇ ಅಧಿವೇಶನದ ನೆನಪಿನ ವೀರಸೌಧ ಅಲ್ಲಿವೆ. ಅಲ್ಲಿಂದ ಅನಗೋಳದ ಕಡೆ ನಡೆದರೆ ಊರಂಚಿನ ಗದ್ದೆ ಸಿಗುತ್ತವೆ. ಭತ್ತ ತೆನೆ ಬಿಟ್ಟಿರುತ್ತದೆ. ಗಾಳಿ ಬೀಸಿದರೆ ಅನ್ನದ ಘಮ ಬರುತ್ತದೆ.

ಸಂಜೆ ಪೇಟೆಯಲ್ಲಿ ಕುಂದಾ ತಗೊಳ್ಳಿ. ಮೊದಲು ಕಾಲು ಕೆಜಿ ಮಾತ್ರ ತಗೊಂಡು ಅಲ್ಲೇ ನಿಂತು ರುಚಿ ನೋಡಿ. ಹಾಲು ಕುದಿಸಿ, ಬತ್ತಿಸಿ, ಸಕ್ಕರೆ ಕಂದುವವರೆಗೆ ಕೈ ಬಿಡದೆ ಮಗುಚಿದ್ದರೆ ಬಣ್ಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಅಲ್ಲಲ್ಲಿ ಗಾಢ, ಅಲ್ಲಲ್ಲಿ ತಿಳಿ. ನಾಲಿಗೆಗೆ ಸಣ್ಣ ಹರಳು ಸಿಗುತ್ತದೆ, ಕೊನೆಗೆ ಒಂಚೂರು ಸುಟ್ಟ ವಾಸನೆ. ಬರೀ ಸಿಹಿ ಇದ್ದರೆ ಮುಂದಿನ ಅಂಗಡಿಗೆ ಹೋಗಿ. ಹಿಡಿಸಿದ ಕಡೆಯೇ ಮನೆಗೆ ಒಯ್ಯಲು ಕಟ್ಟಿಸಿಕೊಳ್ಳಿ. ತೆಳ್ಳನೆಯ ಸಿಹಿ ಮಂಡಿಗೆ ಸಿಕ್ಕರೆ ಅದನ್ನೂ ತಗೊಳ್ಳಿ. ಕೈಯಲ್ಲಿ ಹಿಡಿದೇ ಒಯ್ಯಬೇಕು, ಚೀಲಕ್ಕೆ ಹಾಕಿದರೆ ಪುಡಿಯಾಗುತ್ತದೆ. ಬಿಸಿ ಹಾಲಲ್ಲಿ ಮುರಿದು ಹಾಕಿ, ಮೇಲೆ ತುಪ್ಪ ಬಿಟ್ಟು ತಿನ್ನಿ.

ವಾಪಸ್ ಹೋಗಲು ರಾತ್ರಿಯ ರೈಲೇ ಒಳ್ಳೆಯದು. ದಾರಿಗೆ ಒಣಗಿದ ಗರಿಗರಿ ಕಟಕ ರೊಟ್ಟಿ ಬೇಕಿದ್ದರೆ ಶನಿವಾರ ಉಂಡ ಖಾನಾವಳಿಯಲ್ಲೇ ಹೇಳಿಟ್ಟು ಬನ್ನಿ. ಎಂಟು ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ ಪೇಪರಿನಲ್ಲಿ ಸುತ್ತಿ ಇಟ್ಟಿರುತ್ತಾರೆ.